ಪಂಚರ್ ಅಂಗಡಿಯ ಬೋರ್ಡೂ, ಹುಲಿಗೆಮ್ಮನ ಮಾರ್ಕ್ಸ್ ಕಾರ್ಡೂ

ತಪ್ಪು ಇಂಗ್ಲಿಷ್ ಕಂಡರೆ ಉರಿದು ಬೀಳುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ವಾಟ್ಸಾಪ್‌ನಲ್ಲಿ ಆಗಾಗ ಒಂದು ಫೋಟೊ ಬಂದೇ ಬರುತ್ತದೆ. ಯಾವುದೋ ಡಾಬಾದ ಬೋರ್ಡಿನಲ್ಲಿ ಚಿಲ್ಡ್ ಬಿಯರ್ ಹೋಗಿ ಚೈಲ್ಡ್ ಬಿಯರ್ ಆಗಿರುತ್ತದೆ. ಫ್ರೈಡ್ ರೈಸ್ ಇದ್ದದ್ದು ಫ್ರೈಡೇ ರೈಸ್ ಆಗಿರುತ್ತದೆ. ಕೆಳಗೆ ನಕ್ಕು ನಕ್ಕು ಕಣ್ಣೀರು ಹಾಕುವ ಮುಖಗಳ ಸಾಲು. ಒಬ್ಬರಾದರೂ "ಬರದಿದ್ದ ಮೇಲೆ ಇಂಗ್ಲಿಷ್ ಯಾಕೆ ಬರೀಬೇಕು" ಅಂತ ಬೈದಿರುತ್ತಾರೆ.

ಬಳ್ಳಾರಿಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಅರ್ಜಿ, ಬಯೋಡೇಟಾ, ಲಗ್ನಪತ್ರಿಕೆ, ಬಿಲ್ ಬುಕ್ಕು, ಜೀನ್ಸ್ ಹೊಲಿಯುವವರ ಲೇಬಲ್ಲು, ನೋಟರಿ ಹತ್ತಿರ ಹೋಗುವ ಅಫಿಡವಿಟ್ಟು, ಹೀಗೆ ಬೆಳಗ್ಗೆಯಿಂದ ರಾತ್ರಿವರೆಗೂ ಇಂಗ್ಲಿಷ್ ಅಕ್ಷರಗಳ ಜೊತೆಗೇ ನನ್ನ ಬದುಕು. ಸ್ಪೆಲಿಂಗ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಒಂದು ಅಕ್ಷರ ಆಚೀಚೆ ಆದರೂ ಪ್ರಿಂಟ್ ಕೊಡುವುದಿಲ್ಲ. ಆದರೂ ಆ ಫೋಟೊಗಳನ್ನು ನೋಡಿದರೆ ನನಗೆ ನಗು ಬರುವುದಿಲ್ಲ. ಯಾರಿಗೂ ತೊಂದರೆ ಕೊಡದ ತಪ್ಪಿಗೆ ನಾವು ಇಷ್ಟು ನಗುತ್ತೇವೆ, ಇಷ್ಟು ಬೈಯುತ್ತೇವೆ. ಒಂದು ಹುಡುಗಿಯ ಸ್ಕಾಲರ್‌ಶಿಪ್ಪನ್ನೇ ನಿಲ್ಲಿಸಿಬಿಡುವ ತಪ್ಪನ್ನು ಮಾತ್ರ "ಏನೋ ಆಗಿದೆ, ಸರಿ ಮಾಡಿಸ್ಕೊಳ್ಳಿ" ಅಂತ ಸುಮ್ನೆ ಬಿಡುತ್ತೇವೆ. ನಮ್ಮ ಸಿಟ್ಟು ಹೋಗಬೇಕಾದ ಕಡೆ ಹೋಗುತ್ತಿಲ್ಲ. ಇವತ್ತು ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ನನಗೆ ಕಿರಿಕಿರಿ ಆಗುವ ತಪ್ಪುಗಳು ಇಲ್ಲವೇ ಇಲ್ಲ ಅಂತಲ್ಲ. ಮೊದಲು ಅವನ್ನು ಹೇಳಿಬಿಡುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಫಾರ್ಮ್ ಮತ್ತು ಫ್ರಮ್. ಎರಡರಲ್ಲೂ ಅದೇ ನಾಲ್ಕು ಅಕ್ಷರ. ಆರ್ ಮತ್ತು ಒ ಜಾಗ ಬದಲಾದರೆ ಸಾಕು, ಅಪ್ಲಿಕೇಶನ್ ಫಾರ್ಮ್ ಹೋಗಿ ಅಪ್ಲಿಕೇಶನ್ ಫ್ರಮ್ ಆಗುತ್ತದೆ. ದೊಡ್ಡ ದೊಡ್ಡ ಸಂಸ್ಥೆಗಳ ಅರ್ಜಿಗಳಲ್ಲೂ ಇದನ್ನು ಕಂಡಿದ್ದೇನೆ. ಕಂಪ್ಯೂಟರ್ ಇದಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ. ಫ್ರಮ್ ಕೂಡ ಸರಿಯಾದ ಪದವೇ ಅಲ್ವಾ? ಸ್ಪೆಲ್‌ಚೆಕ್‌ಗೆ ಗೊತ್ತಾಗುವುದು ಪದ ಇದೆಯೋ ಇಲ್ಲವೋ ಅನ್ನುವುದಷ್ಟೇ, ನಮ್ಮ ಮನಸ್ಸಿನಲ್ಲಿ ಇದ್ದದ್ದು ಯಾವ ಪದ ಅನ್ನುವುದು ಅದಕ್ಕೆ ಬೇಕಾಗಿಲ್ಲ. ಲೂಸ್ ಮತ್ತು ಲೂಸ್‌ನ ಕಥೆಯೂ ಇದೇ. ಒಂದು ಒ ಇದ್ದರೆ ಕಳಕೊಳ್ಳುವುದು, ಎರಡು ಒ ಇದ್ದರೆ ಸಡಿಲ. ಅಡ್ವೈಸ್‌ನಲ್ಲಿ ಸಿ ಇದ್ದರೆ ಸಲಹೆ, ಎಸ್ ಇದ್ದರೆ ಸಲಹೆ ಕೊಡುವುದು. ಪ್ರಿನ್ಸಿಪಾಲ್ ಎಂದು ಬರೆಯುವಾಗ ಕೊನೆಗೆ ಪಿ ಎ ಎಲ್ ಬಂದರೆ ಕಾಲೇಜಿನ ಮುಖ್ಯಸ್ಥರು, ಪಿ ಎಲ್ ಇ ಬಂದರೆ ತತ್ವ. ರಜೆ ಕೇಳುವ ಅರ್ಜಿಯಲ್ಲಿ ವಿದ್ಯಾರ್ಥಿಗಳು ತತ್ವಕ್ಕೇ ವಂದನೆ ಸಲ್ಲಿಸಿರುತ್ತಾರೆ. ಅದನ್ನು ತಿದ್ದಿಯೇ ಕೊಡುತ್ತೇನೆ, ಯಾಕೆ ತಿದ್ದಿದೆ ಅಂತ ಒಂದು ಮಾತು ಹೇಳಿಯೂ ಕಳಿಸುತ್ತೇನೆ.

ಸ್ಟೇಷನರಿ ಅಂಗಡಿಗಳ ಬೋರ್ಡು ನಿಮಗೂ ಗೊತ್ತಿರುತ್ತದೆ. ಆರ್ ಹಿಂದೆ ಇ ಇದ್ದರೆ ಪೆನ್ನು, ಕಾಗದ. ಎ ಇದ್ದರೆ ಅಲ್ಲಾಡದೆ ನಿಂತದ್ದು. ನಮ್ಮೂರ ಬೋರ್ಡುಗಳಲ್ಲಿ ಎ ಇರುವುದೇ ಜಾಸ್ತಿ. ಆದರೆ ಈ ಎರಡೂ ಪದ ಹುಟ್ಟಿದ್ದು ಒಂದೇ ಬೇರಿನಿಂದ. ಮಧ್ಯಯುಗದ ಯುರೋಪಿನಲ್ಲಿ ಸಾಮಾನು ಮಾರುವವರು ಹೆಚ್ಚಾಗಿ ಊರೂರು ತಿರುಗುತ್ತಿದ್ದರು. ಪುಸ್ತಕ ಮಾರುವವರು ಯೂನಿವರ್ಸಿಟಿಗಳ ಹತ್ತಿರ ಒಂದೇ ಕಡೆ ಅಂಗಡಿ ಇಟ್ಟು ನಿಂತರು. ಅದಕ್ಕೇ ಅವರನ್ನು ಸ್ಟೇಷನರ್ ಅಂದರು. ಅವರು ಮಾರುತ್ತಿದ್ದ ಕಾಗದ, ಶಾಯಿಗೆ ಸ್ಟೇಷನರಿ ಅನ್ನುವ ಹೆಸರು ಬಂತು. ಇದು ತಿಳಿದ ಮೇಲೆ ಆ ಬೋರ್ಡುಗಳ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು. ಬಿಲ್ ಬುಕ್ ಮಾಡಿಸಲು ಬಂದರೆ ಈಗಲೂ ಇ ಹಾಕಿಯೇ ಕೊಡುತ್ತೇನೆ, ಅದು ಬೇರೆ ಮಾತು.

ತಪ್ಪು ಅಂತ ಬೈಸಿಕೊಳ್ಳುವ ಕೆಲವು ಪದಗಳ ಪರವಾಗಿ ನಾನು ನಿಲ್ಲುತ್ತೇನೆ. ಪ್ರಿಪೋನ್ ಅನ್ನುವುದನ್ನು ಕೇಳಿದರೆ ಇಂಗ್ಲಿಷ್ ಮೇಷ್ಟ್ರುಗಳು ಮುಖ ಸಿಂಡರಿಸುತ್ತಾರೆ. ಮುಂದೆ ಹಾಕುವುದಕ್ಕೆ ಪೋಸ್ಟ್‌ಪೋನ್ ಇರುವಾಗ ಮೊದಲೇ ಮಾಡಿಬಿಡುವುದಕ್ಕೂ ಒಂದು ಪದ ಬೇಕಲ್ವಾ? ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಕಸಿನ್ ಬ್ರದರ್ ಕೂಡ ಹಾಗೇ. ಇಂಗ್ಲಿಷಿನಲ್ಲಿ ದೊಡ್ಡಪ್ಪನ ಮಗನೂ ಕಸಿನ್ನೇ, ಸೋದರಮಾವನ ಮಗನೂ ಕಸಿನ್ನೇ. ನಮ್ಮ ಕಡೆ ಅವರಿಬ್ಬರೂ ಒಂದೇನಾ? ಒಬ್ಬ ಅಣ್ಣ, ರಾಖಿ ಕಟ್ಟುವ ಸಂಬಂಧ. ಇನ್ನೊಬ್ಬ ಬಾವ, ಬಳ್ಳಾರಿ, ರಾಯಚೂರು ಕಡೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಮದುವೆಯೇ ಆಗುವ ಸಂಬಂಧ. ಬ್ರದರ್ ಅಂತ ಸೇರಿಸಿದಾಗ ಹುಡುಗಿ ಏನು ಹೇಳುತ್ತಿದ್ದಾಳೆ ಅನ್ನುವುದು ನಮಗೆ ತಕ್ಷಣ ಗೊತ್ತಾಗುತ್ತದೆ. ಅದನ್ನು ತಪ್ಪು ಅಂತ ಹೊಡೆದುಹಾಕಲು ನನಗೆ ಮನಸ್ಸು ಬರುವುದಿಲ್ಲ. ರಿವರ್ಟ್ ಬ್ಯಾಕ್, ಮೈಸೆಲ್ಫ್ ಅಂತ ಶುರು ಮಾಡುವ ಪರಿಚಯ, ಇವನ್ನು ಮಾತ್ರ ತಿದ್ದುತ್ತೇನೆ. ಇಂಟರ್‌ವ್ಯೂನಲ್ಲಿ ಕೂತವರು ಅದೊಂದರ ಮೇಲೇ ಹುಡುಗರನ್ನು ಅಳೆದುಬಿಡುತ್ತಾರೆ. ಹಳ್ಳಿಯಿಂದ ಬಂದ ಹುಡುಗ ಅಷ್ಟಕ್ಕೇ ಕೆಲಸ ಕಳಕೊಳ್ಳಬಾರದು.

ಇನ್ನು ಬೋರ್ಡುಗಳ ವಿಷಯ.

ಕೌಲ್ ಬಜಾರ್ ಕಡೆ ಒಬ್ಬ ಹಿರಿಯ ಪೇಂಟರ್ ಬೋರ್ಡು ಬರೆಯುವುದನ್ನು ನಿಂತು ನೋಡಿದ್ದೇನೆ. ಫ್ಲೆಕ್ಸ್ ಬಂದ ಮೇಲೂ ಕೆಲವು ಗ್ಯಾರೇಜಿನವರು, ಪಂಚರ್ ಅಂಗಡಿಯವರು ತಗಡಿನ ಮೇಲೆ ಪೇಂಟೇ ಬೇಕು ಅನ್ನುತ್ತಾರೆ. ಬಳ್ಳಾರಿ ಬಿಸಿಲಿಗೆ ಫ್ಲೆಕ್ಸ್ ಬೇಗ ಬಿಳುಚಿಕೊಂಡು ಹರಿದುಹೋಗುತ್ತದೆ. ಅವರು ಮೊದಲು ಒಂದು ದಾರಕ್ಕೆ ಸೀಮೆಸುಣ್ಣ ಉಜ್ಜಿದರು. ಹುಡುಗನಿಗೆ ಒಂದು ತುದಿ ಹಿಡಿಸಿ, ಬಿಗಿಯಾಗಿ ಎಳೆದು, ನಡುವೆ ಎತ್ತಿ ಪಟ್ಟನೆ ಬಿಟ್ಟರು. ತಗಡಿನ ಮೇಲೆ ಅಳತೆಗೋಲಿನಲ್ಲೂ ಬಾರದಷ್ಟು ನೇರವಾದ ಗೆರೆ ಬಿತ್ತು. ಹಾಗೆ ಎರಡು ಗೆರೆ. ಅವುಗಳ ನಡುವೆ ಸೀಮೆಸುಣ್ಣದಲ್ಲಿ ಅಕ್ಷರದ ಜಾಗ ಗುರುತು ಹಾಕಿಕೊಂಡರು. ಎಡಗೈಯಲ್ಲಿ ಒಂದು ಕೋಲು ಹಿಡಿದು ತಗಡಿಗೆ ಊರಿ, ಆ ಕೋಲಿನ ಮೇಲೆ ಬಲಗೈ ಮಣಿಕಟ್ಟು ಇಟ್ಟು, ಕೆಂಪು ಬಣ್ಣದಲ್ಲಿ ಬ್ರಷ್ ಎಳೆದರು. ಕೆಂಪು ಒಣಗಿದ ಮೇಲೆ ಪ್ರತಿ ಅಕ್ಷರದ ಬಲಕ್ಕೂ ಕೆಳಕ್ಕೂ ಕರಿ ನೆರಳು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅಂಗಡಿಯವನು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟಿದ್ದನ್ನು ನೋಡಿ, ಚಿತ್ರ ಬಿಡಿಸುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿದರು. ಪಿ, ಎ, ಎನ್, ಸಿ, ಎಚ್, ಇ, ಆರ್. ಪಂಚರ್.

ನಿಘಂಟಿನ ಪ್ರಕಾರ ಅದು ತಪ್ಪು. ಆದರೆ ನಾವು ಬಾಯಲ್ಲಿ ಹೇಳುವುದು ಹಾಗೇ ಅಲ್ವಾ? ರಾತ್ರಿ ಹೊತ್ತು ಸಿರುಗುಪ್ಪ ರಸ್ತೆಯಲ್ಲಿ ಟೈರ್ ಗಾಳಿ ಹೋಗಿ ಬೈಕ್ ತಳ್ಳಿಕೊಂಡು ಬರುವವನಿಗೆ ಆ ಬೋರ್ಡು ಪೂರ್ತಿ ಅರ್ಥವಾಗುತ್ತದೆ. ಅವನಿಗೆ ಬೇಕಾದ ಕೆಲಸವೂ ಆಗುತ್ತದೆ. ಕಾರಿನೊಳಗೆ ಕೂತು ಆ ಬೋರ್ಡಿನ ಫೋಟೊ ತೆಗೆಯುವವರು ಏಣಿ ಮೇಲೆ ನಿಂತ ಆ ಕೈಯನ್ನು ಒಂದು ಸಲ ನೋಡಬೇಕು. ಕಲಿಯಲು ಶಾಲೆಯೇ ಸಿಗದ ಭಾಷೆಯ ಅಕ್ಷರಗಳನ್ನು ಅಷ್ಟು ಚೆಂದವಾಗಿ ಬರೆಯುವ ಮನುಷ್ಯನನ್ನು ನೋಡಿ ನಗುವುದು ನನಗೆ ಸಣ್ಣತನ ಅನ್ನಿಸುತ್ತದೆ.

ಅಷ್ಟಕ್ಕೂ ಇಂಗ್ಲಿಷಿನ ಸರಿ ಸ್ಪೆಲಿಂಗ್ ಅನ್ನುವುದು ಹೇಗೆ ಆಯಿತು ಅಂತ ಸ್ವಲ್ಪ ಓದಿ ನೋಡಿದರೆ ಆಶ್ಚರ್ಯ ಆಗುತ್ತದೆ. ಅಕ್ಷರ ಜೋಡಿಸುವ ಕೆಲಸದಲ್ಲೇ ಇರುವುದರಿಂದ ನನಗೆ ಈ ಕಥೆ ಬಹಳ ಇಷ್ಟ. ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಕೂಟ ತಂದದ್ದು 1476ರಲ್ಲಿ. ಅದಕ್ಕೂ ಮೊದಲು ಅವನು ಬಹಳ ವರ್ಷ ಈಗಿನ ಬೆಲ್ಜಿಯಂನಲ್ಲಿರುವ ಬ್ರೂಜ್ ಊರಿನಲ್ಲಿದ್ದ. ಭೂತ ಅನ್ನುವ ಅರ್ಥದ ಗೋಸ್ಟ್ ಪದದಲ್ಲಿ ಜಿ ಪಕ್ಕ ಒಂದು ಎಚ್ ಇದೆಯಲ್ಲ, ಅದು ಆ ಕಡೆಯ ಫ್ಲೆಮಿಶ್ ಭಾಷೆಯ ಸ್ಪೆಲಿಂಗ್ ಪ್ರಭಾವದಿಂದ ಅಚ್ಚುಕೂಟದ ಮೂಲಕ ನುಸುಳಿದ್ದು. ಅಚ್ಚಿನ ಮೊಳೆ ಜೋಡಿಸುವವರ ಕೈಯಿಂದ ಬಂದ ಅಕ್ಷರ ಐನೂರು ವರ್ಷವಾದರೂ ಅಲ್ಲೇ ಇದೆ. ಸಾಲ ಅನ್ನುವ ಅರ್ಥದ ಡೆಟ್ ಪದಕ್ಕೆ ಮೊದಲು ಬಿ ಇರಲಿಲ್ಲ. ಫ್ರೆಂಚಿನಿಂದ ಬಂದಾಗ ಅದು ಬಿ ಇಲ್ಲದೆಯೇ ಬಂತು. ಲ್ಯಾಟಿನ್ನಿನ ಡೆಬಿಟಮ್ ನೆನಪಿರಲಿ ಅಂತ ಆಮೇಲೆ ಪಂಡಿತರು ಸೇರಿಸಿದರು. ಐಲ್ಯಾಂಡ್‌ನ ಎಸ್ ಅಂತೂ ಬರೀ ತಪ್ಪು ತಿಳುವಳಿಕೆ. ಅದಕ್ಕೂ ಐಲ್ ಅನ್ನುವ ಬೇರೆ ಪದಕ್ಕೂ ನಂಟಿದೆ ಅಂದುಕೊಂಡು ತೂರಿಸಿದರು. ಇವತ್ತು ಐದನೇ ಕ್ಲಾಸಿನ ಮಗು ಆ ಎಸ್ ಬಿಟ್ಟರೆ ಮಾರ್ಕ್ಸು ಹೋಗುತ್ತದೆ. ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ನಿಘಂಟು ಮಾಡಿದ. ಅಮೆರಿಕದಲ್ಲಿ ನೋಹಾ ವೆಬ್‌ಸ್ಟರ್ 1828ರಲ್ಲಿ ಇನ್ನೊಂದು ದೊಡ್ಡ ನಿಘಂಟು ತಂದ. ಅದರಲ್ಲಿ ಕಲರ್ ಪದದ ಯು ಹಾರಿಹೋಯಿತು. ಈಗ ನನ್ನ ಹತ್ತಿರ ಜೀನ್ಸ್ ಲೇಬಲ್ ಮಾಡಿಸಲು ಬರುವವರು ಯು ಹಾಕಬೇಕೋ ಬೇಡವೋ ಅಂತ ಕೇಳುತ್ತಾರೆ. ಎರಡೂ ಸರಿ, ಒಂದು ಲೇಬಲ್ಲಿನಲ್ಲಿ ಒಂದೇ ಥರ ಇರಲಿ ಅಂತೀನಿ.

ಜೀನ್ಸ್ ಅಂದ ಕೂಡಲೇ ನಮ್ಮೂರಿನ ಇನ್ನೊಂದು ಮಾತು ಹೇಳಲೇಬೇಕು. ಬಳ್ಳಾರಿಯಲ್ಲಿ ಎಷ್ಟೋ ಮನೆಗಳ ಅನ್ನ ಈ ಬಟ್ಟೆಯಿಂದ. ಒಂದು ಕಡೆ ಕಟಿಂಗ್, ಇನ್ನೊಂದು ಕಡೆ ಹೊಲಿಗೆ, ಮತ್ತೊಂದು ಕಡೆ ವಾಷಿಂಗ್. ಆ ಜೀನ್ ಅನ್ನುವ ಪದ ಇಟಲಿಯ ಜಿನೋವಾ ಊರಿನ ಹೆಸರನ್ನು ಇಂಗ್ಲಿಷರು ತಮ್ಮ ಬಾಯಿಗೆ ಬಂದಂತೆ ಹೇಳಿ, ಬರೆದು ಆದದ್ದು. ಡೆನಿಮ್ ಅನ್ನುವುದು ಫ್ರಾನ್ಸಿನ ನೀಮ್ ಊರಿನದು ಅನ್ನುವ ಮಾತು. ಅಲ್ಲಿಯ ಬಟ್ಟೆಗೆ ಸರ್ಜ್ ದ ನೀಮ್ ಅನ್ನುತ್ತಿದ್ದರು, ಮುಂದಿನದು ಉದುರಿ ದ ನೀಮ್ ಉಳಿದು, ಕೂಡಿ ಡೆನಿಮ್ ಆಯಿತು. ಇದಕ್ಕಿಂತ ನನಗೆ ಹತ್ತಿರವಾದದ್ದು ಜೇಕಬ್ ಡೇವಿಸ್ ಅನ್ನುವ ದರ್ಜಿಯ ಕಥೆ. ಲಾಟ್ವಿಯಾದ ರೀಗಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆವಾಡದ ರೀನೋ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟವನು. ಕೂಲಿಯವರ ಪ್ಯಾಂಟಿನ ಜೇಬು ಪದೇ ಪದೇ ಹರಿಯುತ್ತದೆ ಅಂತ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಬಡಿದ. ಗಿರಾಕಿಗಳು ಮುಗಿಬಿದ್ದರು. 1872ರಲ್ಲಿ ಅವನ ಕಡೆಯಿಂದ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಅವರಿಗೆ ಒಂದು ಪತ್ರ ಹೋಯಿತು. ಈ ಪ್ಯಾಂಟಿನ ಗುಟ್ಟು ಜೇಬಿಗೆ ನಾನು ಹಾಕುವ ರಿವೆಟ್ಟು ಅನ್ನುವ ಸಾಲು ಅದರಲ್ಲಿದೆ. ಆ ಒಂದೇ ಸಾಲಿನಲ್ಲಿ ಸೀಕ್ರೆಟ್, ಪ್ಯಾಂಟ್ಸ್, ರಿವೆಟ್, ಪಾಕೆಟ್, ನಾಲ್ಕರ ಸ್ಪೆಲಿಂಗೂ ತಪ್ಪು. ಪತ್ರ ಓದಿದವರು ಸ್ಪೆಲಿಂಗ್ ನೋಡಲಿಲ್ಲ, ಅದರಲ್ಲಿದ್ದ ವಿಷಯ ನೋಡಿದರು. 1873ರ ಮೇ 20ರಂದು ಇಬ್ಬರ ಹೆಸರಿನಲ್ಲೂ ಪೇಟೆಂಟ್ ಸಿಕ್ಕಿತು. ಬಳ್ಳಾರಿಯ ಹೊಲಿಗೆ ಮಿಷನ್ನುಗಳು ಇವತ್ತು ಹೊಲಿಯುತ್ತಿರುವುದು ಅದೇ ಪ್ಯಾಂಟು. ಲೇಬಲ್ಲಿನಲ್ಲಿ ತಪ್ಪು ಬರೆದುಕೊಂಡು ಬರುವ ದರ್ಜಿಗಳಿಗೆ ನಾನು ಈ ಕಥೆ ಹೇಳಿದ್ದೇನೆ. ಹೇಳಿ, ಲೇಬಲ್ ತಿದ್ದಿ ಕೊಟ್ಟಿದ್ದೇನೆ.

ಊರಿನ ಹೆಸರೂ ಹಾಗೇ ತಾನೆ. ಇಂಗ್ಲಿಷರು ಬರೆದ ಸ್ಪೆಲಿಂಗಿನಲ್ಲಿ ನಮ್ಮೂರು ಬೆಲ್ಲಾರಿ ಆಗಿ ಎಷ್ಟೋ ಕಾಲ ಇತ್ತು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಹೊಸಪೇಟೆ ಇವುಗಳ ಜೊತೆಗೆ ಒಟ್ಟು 12 ಊರುಗಳ ಇಂಗ್ಲಿಷ್ ಸ್ಪೆಲಿಂಗನ್ನು ಸರ್ಕಾರ ತಿದ್ದಿತು. ಇ ಹೋಗಿ ಎ ಬಂತು, ಕೊನೆಯ ವೈ ಹೋಗಿ ಐ ಬಂತು. ಅವತ್ತು ನನಗೆ ಬಹಳ ಖುಷಿಯಾಗಿತ್ತು. ಒಂದು ಊರಿನ ಹೆಸರನ್ನು ಊರಿನವರು ಕರೆಯುವ ಹಾಗೆ ಬರೆಯಬೇಕು ಅಂತ ಸರ್ಕಾರವೇ ಒಪ್ಪಿಕೊಂಡಿತು. ಹಳೇ ಲೆಟರ್‌ಹೆಡ್ ಇಟ್ಟುಕೊಂಡವರನ್ನು ಯಾರೂ ಇದು ಬೇರೆ ಊರು ಅಂತ ವಾಪಸ್ ಕಳಿಸಲಿಲ್ಲ.

ಮನುಷ್ಯರ ಹೆಸರಿಗೆ ಬಂದರೆ ಈ ಉದಾರತನ ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಒಬ್ಬ ಹುಡುಗಿ ಅಪ್ಪನ ಜೊತೆ ಅಂಗಡಿಗೆ ಬಂದಿದ್ದಳು. ಹೆಸರು ಹುಲಿಗೆಮ್ಮ ಅಂತಿಟ್ಟುಕೊಳ್ಳಿ. ಕೊಪ್ಪಳ ತಾಲೂಕಿನ ಹುಲಿಗಿಯ ಅಮ್ಮನ ಹೆಸರು. ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಹರಕೆ ಹೊತ್ತು ಈ ಹೆಸರಿಡುವವರು ಊರಿಗಿಷ್ಟು ಜನ ಇದ್ದಾರೆ. ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಟೇಬಲ್ ಮೇಲೆ ಇಟ್ಟಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಜಿ ಆದ ಮೇಲೆ ಇ, ಆಮೇಲೆ ಎರಡು ಎಂ. ಆಧಾರಿನಲ್ಲಿ ಜಿ ಆದ ಮೇಲೆ ಎ, ಅಂದರೆ ಓದಿದರೆ ಹುಲಿಗಮ್ಮ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದೇ ಎಂ. ಟಿಸಿಯಲ್ಲಿ ಎಲ್ ಪಕ್ಕದ ಐ ಹೋಗಿ ಅಲ್ಲೂ ಇ. ಅಪ್ಪನ ಹೆಸರಿನ ಮೊದಲಕ್ಷರ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಸ್ಕಾಲರ್‌ಶಿಪ್ ಅರ್ಜಿ ಹೆಸರು ಹೊಂದುತ್ತಿಲ್ಲ ಅಂತ ವಾಪಸ್ ಬಂದಿತ್ತು. ಮೆಣಸಿನಕಾಯಿ ಬಿಡಿಸುವ ಹೊತ್ತು ಅದು. ಅಪ್ಪ ಕೂಲಿ ಬಿಟ್ಟು ಬಂದಿದ್ದರು.

"ಅಕ್ಕಾ, ಕನ್ನಡದಾಗ ಎಲ್ಲಾ ಒಂದೇ ಐತಲ್ರೀ. ಹುಲಿಗೆಮ್ಮ ಅಂದ್ರ ಹುಲಿಗೆಮ್ಮನ. ಅದ್ರಾಗ ಏನು ಫರಕು ಐತಿ?" ಅಂದರು.

ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಅವರು ಹೇಳಿದ್ದು ಸರಿ. ಕನ್ನಡದಲ್ಲಿ ಅದಕ್ಕೆ ಒಂದೇ ಸ್ಪೆಲಿಂಗ್ ಇರುವುದು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಇದೆ, ದೀರ್ಘ ಇದೆ, ಲ ಬೇರೆ ಳ ಬೇರೆ, ನ ಬೇರೆ ಣ ಬೇರೆ, ತ ಬೇರೆ ಟ ಬೇರೆ. 26 ಅಕ್ಷರಗಳಿಗೆ ಇದನ್ನೆಲ್ಲ ಹೊರಿಸಿದರೆ ಒಬ್ಬೊಬ್ಬ ಆಪರೇಟರ್ ಒಂದೊಂದು ಥರ ಬರೆಯುತ್ತಾನೆ. ಲಕ್ಷ್ಮಿಯನ್ನು ಎಕ್ಸ್ ಹಾಕಿ ಬರೆಯುವವರಿದ್ದಾರೆ, ಕೆ ಎಸ್ ಎಚ್ ಹಾಕುವವರಿದ್ದಾರೆ, ಕೊನೆಗೆ ಐ ಹಾಕುವವರು, ಎರಡು ಇ ಹಾಕುವವರು. ಗವಿಸಿದ್ದಪ್ಪ ಅನ್ನುವ ಹೆಸರಿನಲ್ಲಿ ಎರಡು ಡಿ ಇರಬೇಕು, ಜೊತೆಗೊಂದು ಎಚ್ ಬೇಕೋ ಬೇಡವೋ, ಎರಡು ಪಿ ಇರಬೇಕು. ಎಷ್ಟು ಕಡೆ ತಪ್ಪಬಹುದು ನೋಡಿ. ಇದರ ಮೇಲೆ ನಾವು ಕರೆಯುವ ರೀತಿ ಬೇರೆ. ಮನೆಯಲ್ಲಿ ಈರಣ್ಣ, ಶಾಲೆಯಲ್ಲಿ ವೀರಣ್ಣ. ಮನೆಯಲ್ಲಿ ಯಂಕಮ್ಮ, ಕಾಗದದಲ್ಲಿ ವೆಂಕಮ್ಮ. ದುರುಗಮ್ಮ, ದುರ್ಗಮ್ಮ. ಬಳ್ಳಾರಿ 1953ರವರೆಗೆ ಮದ್ರಾಸಿನ ಕೈಕೆಳಗೆ ಇತ್ತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿದ್ದವು, ಅಲ್ಲಿ ಕಚೇರಿ ಭಾಷೆ ಉರ್ದು. ಹಾಗಾಗಿ ತಾತನ ಕಾಲದ ಜಮೀನಿನ ಕಾಗದದಲ್ಲಿ ಒಂದು ಹೆಸರು ಕನ್ನಡದ ಬಾಯಿಂದ ಉರ್ದುವಿಗೆ, ಉರ್ದುವಿನಿಂದ ಮತ್ತೆ ಕನ್ನಡಕ್ಕೆ, ಈಗ ಇಂಗ್ಲಿಷಿಗೆ ಬಂದು ಕೂತಿರುತ್ತದೆ. ದಾರಿಯಲ್ಲಿ ಎಷ್ಟು ಸವೆದಿರಬೇಡ?

ಭಾರತೀಯ ಲಿಪಿಗಳನ್ನು ರೋಮನ್ ಅಕ್ಷರದಲ್ಲಿ ಬರೆಯಲು ಒಂದು ಅಂತರರಾಷ್ಟ್ರೀಯ ನಿಯಮ ಇದೆ. ಐಎಸ್ಒ 15919 ಅಂತ, 2001ರದ್ದು. ಅದರಲ್ಲಿ ದೀರ್ಘಕ್ಕೆ ಮೇಲೊಂದು ಅಡ್ಡಗೆರೆ, ಳ ಮತ್ತು ಣಕ್ಕೆ ಕೆಳಗೊಂದು ಚುಕ್ಕೆ. ಪಂಡಿತರ ಪುಸ್ತಕದಲ್ಲಿ ಅಂಥ ಪದ್ಧತಿ ಚೆನ್ನಾಗಿ ನಡೆಯುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ, ಪಾಸ್‌ಬುಕ್ಕಿನಲ್ಲಿ ಆ ಗೆರೆ, ಚುಕ್ಕೆ ಹಾಕುವವರು ಯಾರೂ ಇಲ್ಲ. ಅಂದರೆ ಜನರ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಅಂತ ಕೌಂಟರಿನಲ್ಲಿ ಕೂತವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡದೆಯೇ, ನಾಲ್ಕು ಕಾಗದದಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು ಅಂತ ಕಂಪ್ಯೂಟರ್ ಹಟ ಮಾಡುತ್ತದೆ. ಪ್ಯಾನ್ ಮತ್ತು ಆಧಾರ್ ಜೋಡಿಸಲು ಹೋಗಿ ಇದೇ ಕಾರಣಕ್ಕೆ ಸಿಕ್ಕಿಹಾಕಿಕೊಂಡವರು ನಿಮ್ಮ ಮನೆಯಲ್ಲೂ ಇರಬಹುದು. ಆಧಾರಿನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ. ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಆಧಾರಿನಲ್ಲಿ ಕನ್ನಡದಲ್ಲೂ ಹೆಸರಿದೆಯಲ್ಲ ಅನ್ನಬಹುದು. ಇದೆ. ಆದರೆ ಹೊಂದಿಸಿ ನೋಡುವುದು ಇಂಗ್ಲಿಷನ್ನು. ಕರ್ನಾಟಕದಲ್ಲಿ ಹುಟ್ಟಿ, ಕನ್ನಡದಲ್ಲಿ ಹೆಸರಿಟ್ಟುಕೊಂಡ ಹುಡುಗಿಗೆ ಅವಳ ಕನ್ನಡದ ಹೆಸರು ಲೆಕ್ಕಕ್ಕೇ ಇಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ. ಕನ್ನಡದಲ್ಲಿ ಬರೆದ ಹೆಸರೇ ಮೂಲ ಆಗಬೇಕು, ಇಂಗ್ಲಿಷ್ ಅದರ ನಕಲು ಆಗಬೇಕು. ಈಗ ತಿರುಗಾಮುರುಗ ಆಗಿದೆ.

ಹೀಗೆ ಹೆಸರು ಹೊಂದದಿದ್ದವರಿಗೆ ಛಾಪಾ ಕಾಗದದ ಮೇಲೆ ಒಂದು ಅಫಿಡವಿಟ್ ಟೈಪ್ ಮಾಡಿ ಕೊಡುತ್ತೇನೆ. ಈ ಹೆಸರಿನವಳೂ ಆ ಹೆಸರಿನವಳೂ ಒಬ್ಬಳೇ, ಅದು ನಾನೇ ಅಂತ. ನೋಟರಿ ಮುಂದೆ ಸಹಿ. ತಪ್ಪು ಬರೆದವರು ಯಾರೋ, ಪ್ರಮಾಣ ಮಾಡುವವಳು ಇವಳು. ಖರ್ಚು ಇವಳದು, ಓಡಾಟ ಇವಳ ಅಪ್ಪನದು.

ನಮ್ಮ ಕಡೆಯ ಬಂಡೆಗಳ ಮೇಲೆ ಅಶೋಕನ ಕಾಲದ ಬರಹ ಇದೆ. ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಸಿರುಗುಪ್ಪ ತಾಲೂಕಿನ ನಿಟ್ಟೂರು. 1915ಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನುವ ಬಿರುದಷ್ಟೇ ಇತ್ತು. 1915ರಲ್ಲಿ ಮಸ್ಕಿಯ ಬಂಡೆ ಬೆಳಕಿಗೆ ಬಂದಾಗ ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಆ ದೇವಾನಾಂಪ್ರಿಯನೂ ಅಶೋಕನೂ ಒಬ್ಬನೇ ಅನ್ನುವುದು ಗಟ್ಟಿಯಾಯಿತು. ಅಫಿಡವಿಟ್ ಟೈಪ್ ಮಾಡುವಾಗೆಲ್ಲ ನನಗೆ ಈ ಬಂಡೆ ನೆನಪಾಗುತ್ತದೆ. ಅದಕ್ಕಿಂತ ಜಾಸ್ತಿ ನೆನಪಾಗುವುದು ಅದೇ ಅಶೋಕನ 14ನೇ ಬಂಡೆ ಶಾಸನ. ಅದು ನಮ್ಮ ಜಿಲ್ಲೆಗಳಲ್ಲಿಲ್ಲ, ಗುಜರಾತಿನ ಗಿರ್ನಾರ್ ಮುಂತಾದ ಕಡೆ ಇದೆ. ಎಲ್ಲಾದರೂ ಬರಹ ಪೂರ್ತಿ ಇಲ್ಲದಿದ್ದರೆ ಅದಕ್ಕೆ ಬರೆದವನ ತಪ್ಪೂ ಕಾರಣ ಇರಬಹುದು ಅಂತ ಅದರಲ್ಲಿ ಕೊರೆಸಿದ್ದಾರೆ. ಲಿಪಿಕಾರನ ಅಪರಾಧ ಅನ್ನುವ ಪದವೇ ಅಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ, ನನ್ನ ಬರಹಗಾರರೂ ತಪ್ಪು ಮಾಡಿರಬಹುದು ಅಂತ ಕಲ್ಲಿನ ಮೇಲೆ ಹೇಳಿಸಿದ. ಇವತ್ತು ಯಾವ ಕೌಂಟರಿನಲ್ಲೂ ಆ ಮಾತು ಕೇಳುವುದಿಲ್ಲ.

ಆ ಹುಡುಗಿಯ ಕೆಲಸ ಆಯಿತು. ಮಾರ್ಕ್ಸ್ ಕಾರ್ಡಿನ ಸ್ಪೆಲಿಂಗನ್ನೇ ಮೂಲ ಅಂತ ಇಟ್ಟುಕೊಂಡು ಮೊದಲು ಆಧಾರ್, ಆಮೇಲೆ ಬ್ಯಾಂಕು ಸರಿ ಮಾಡಿಸಿದರು. ಅಷ್ಟರಲ್ಲಿ ಆ ವರ್ಷದ ಸ್ಕಾಲರ್‌ಶಿಪ್ ದಿನಾಂಕ ಮುಗಿದಿತ್ತು.

ಹಾಗಾಗಿ ನನ್ನ ಅಂಗಡಿಯಲ್ಲಿ ಹೆಸರಿರುವ ಯಾವ ಕಾಗದಕ್ಕಾದರೂ ಒಂದು ಪದ್ಧತಿ ಇಟ್ಟಿದ್ದೇನೆ. ಮೊದಲು ಪ್ರೂಫ್ ತೆಗೆಯುತ್ತೇನೆ. ಪೆನ್ನು ಕೊಟ್ಟು, ಮಾರ್ಕ್ಸ್ ಕಾರ್ಡು ಪಕ್ಕದಲ್ಲಿಟ್ಟು, ಒಂದೊಂದು ಅಕ್ಷರ ಬಾಯಲ್ಲಿ ಹೇಳುತ್ತಾ ಕೆಳಗೊಂದು ಚುಕ್ಕೆ ಇಡಿ ಅಂತೀನಿ. ಪೂರ್ತಿ ಹೆಸರನ್ನು ಒಟ್ಟಿಗೆ ಓದಿದರೆ ತಪ್ಪು ಕಾಣುವುದಿಲ್ಲ, ಗೊತ್ತಿರುವ ಹೆಸರನ್ನು ಕಣ್ಣು ತಾನೇ ಸರಿ ಮಾಡಿಕೊಂಡು ಓದಿಬಿಡುತ್ತದೆ. ಓದಲು ಬಾರದವರಿದ್ದರೆ ನಾನು ಒಂದು ಕಾಗದದಿಂದ ಹೇಳುತ್ತೇನೆ, ಅಂಗಡಿಯ ಹುಡುಗ ಇನ್ನೊಂದನ್ನು ನೋಡುತ್ತಾನೆ. ಸಂಜೆ ರಷ್ ಇರುವಾಗ ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.

ಹೆತ್ತವರಿಗೆ, ಮೇಷ್ಟ್ರುಗಳಿಗೆ ನನ್ನದು ಒಂದೇ ಕೋರಿಕೆ. ಶಾಲೆಗೆ ಸೇರಿಸುವ ದಿನ ಮಗುವಿನ ಜನನ ಪ್ರಮಾಣಪತ್ರ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಅವತ್ತೇ ಸರಿ ಮಾಡಿಸಿ, ಹತ್ತನೇ ಕ್ಲಾಸಿನವರೆಗೆ ಕಾಯಬೇಡಿ. ಎಸ್ಸೆಸ್ಸೆಲ್ಸಿಗೆ ನಾಮಿನಲ್ ರೋಲ್, ಅಂದರೆ ಪರೀಕ್ಷೆ ಬರೆಯುವ ಮಕ್ಕಳ ಹೆಸರಿನ ಪಟ್ಟಿ, ಕಳಿಸುವ ಮೊದಲು ಆ ಪಟ್ಟಿಯನ್ನು ಮಕ್ಕಳ ಕೈಗೇ ಕೊಟ್ಟು, ತಮ್ಮ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು ಅಕ್ಷರಕ್ಕೆ ಅಕ್ಷರ ಓದಿಸಿ. ಆಗ ತಿದ್ದುವುದು ಒಂದು ಪೆನ್ನಿನ ಕೆಲಸ. ಮಾರ್ಕ್ಸ್ ಕಾರ್ಡ್ ಪ್ರಿಂಟ್ ಆಗಿ ಬಂದ ಮೇಲೆ ಅದೇ ಒಂದು ಅಕ್ಷರಕ್ಕೆ ಹೆಡ್‌ಮಾಸ್ಟರ್, ಅರ್ಜಿ, ಅಫಿಡವಿಟ್ಟು ಅಂತ ತಿಂಗಳುಗಟ್ಟಲೆ ಅಲೆಯಬೇಕು.